ತಾಯಿಫ್‌ನಲ್ಲಿ ಮಾಸ್ಟರ್‌ಜಿಯ ಪಂಚಮ

ತಾಯಿಫ್ ಎಂದ ಕೂಡಲೇ ಎಲ್ಲರಿಗೂ ಗುಲಾಬಿಯ ಪರಿಮಳ ನೆನಪಾಗುತ್ತದೆ. ನನ್ನ ಮೂಗು ಅಷ್ಟು ರಸಿಕ ಅಲ್ಲ. ನನಗೆ ನೆನಪಾಗುವುದು ಕಿವಿಯ ಅಚ್ಚು ತೆಗೆಯುವ ಹಿಟ್ಟಿನ ವಾಸನೆ. ಎರಡು ಬಣ್ಣದ ಮುದ್ದೆಗಳನ್ನು ಅಂಗೈಯಲ್ಲಿ ಕಲಸಿ, ಮೆತ್ತಗಿರುವಾಗಲೇ ಕಿವಿಯೊಳಗೆ ತುಂಬಿ, ಗಟ್ಟಿಯಾದ ಮೇಲೆ ಮೆಲ್ಲನೆ ಹೊರಗೆಳೆಯುವ ಹಿಟ್ಟು ಅದು. ಅಗ್ಗದ ಬಬಲ್‌ಗಮ್ಮಿಗೂ ಹೊಸ ಪ್ಲಾಸ್ಟಿಕ್ ಬಕೆಟ್ಟಿಗೂ ನಡುವಿನ ಏನೋ ಒಂದು ವಾಸನೆ. ಕಳೆದ ವಾರ ದಮ್ಮಾಮ್‌ನ ನಮ್ಮ ಕ್ಲಿನಿಕ್ಕಿಗೆ ಹೊಸ ಡಬ್ಬಿಗಳು ಬಂದಿದ್ದವು. ಮುಚ್ಚಳ ತೆಗೆದರೆ ಅದೇ ಹಳೆಯ ವಾಸನೆ. ಎದುರಿಗೆ ಕುಳಿತಿದ್ದ ಪೇಶೆಂಟಿಗೆ ಒಂದು ನಿಮಿಷ ಎಂದು ಹೇಳಿ ಕಿಟಕಿಯ ಹತ್ತಿರ ಹೋಗಿ ನಿಂತೆ. ಹೊರಗೆ ದಮ್ಮಾಮ್‌ನ ಬಿಸಿಲು ಕಾರುಗಳ ಮೇಲೆ ಕುಣಿಯುತ್ತಿತ್ತು. ನನ್ನ ಕಣ್ಣೆದುರು ಮಾತ್ರ ತಾಯಿಫ್‌ನ ಆ ಮೂರು ತಿಂಗಳು, ಮತ್ತು ಎರಡೂ ಕಿವಿಗೆ ಹಿಟ್ಟು ತುಂಬಿಸಿಕೊಂಡು, "ಈಗ ನಾನು ಪೂರ್ತಿ ಕಿವುಡ. ಯಾರಿಗಾದರೂ ನನ್ನನ್ನು ಬೈಯುವುದಿದ್ದರೆ ಇದೇ ಒಳ್ಳೆಯ ಸಮಯ" ಎಂದು ನಗುತ್ತಿದ್ದ ಮಾಸ್ಟರ್‌ಜಿ.

ನಾನು ಶ್ರವಣ ತಜ್ಞೆ. ಊರಿನಲ್ಲಿ ಹಾಗೆ ಹೇಳಿದರೆ ಜನ ಮುಖ ನೋಡುತ್ತಾರೆ, "ಕಿವಿಗೆ ಮಷೀನ್ ಇಡುವ ಕೆಲಸ" ಎಂದರೆ ತಲೆಯಾಡಿಸುತ್ತಾರೆ. ಮಂಗಳೂರಿನಲ್ಲಿ ಓದಿ, ಅಲ್ಲೇ ಎರಡು ವರ್ಷ ದುಡಿದು, ತಾಯಿಫ್‌ನ ಒಂದು ಆಸ್ಪತ್ರೆಗೆ ಬಂದಾಗ ನನಗೆ ಇಪ್ಪತ್ತೇಳು. ಬೆಟ್ಟದ ಮೇಲಿನ ಊರು. ಸೌದಿ ಎಂದರೆ ಬೆಂಕಿ ಎಂದುಕೊಂಡು ಬಂದವಳಿಗೆ ಅಲ್ಲಿ ಸ್ವೆಟರ್ ಬೇಕಾಯಿತು. ಅಮ್ಮ ಕಟ್ಟಿಕೊಟ್ಟಿದ್ದ ಹತ್ತಿ ಬಟ್ಟೆಗಳೆಲ್ಲ ಪೆಟ್ಟಿಗೆಯಲ್ಲೇ ಉಳಿದವು. ರಜೆಯ ದಿನ ಹದಾ ಘಾಟಿಯ ತಿರುವುಗಳಲ್ಲಿ ಮಂಗಗಳು ರಸ್ತೆ ಬದಿಯ ಕಟ್ಟೆಯ ಮೇಲೆ ಯಜಮಾನರ ಹಾಗೆ ಕುಳಿತು ಕಾರು ಕಾರನ್ನೂ ತಪಾಸಣೆ ಮಾಡುತ್ತಿದ್ದುದನ್ನು ನೋಡಿ ಒಬ್ಬಳೇ ನಕ್ಕಿದ್ದೇನೆ.

ಮಾಸ್ಟರ್‌ಜಿ ಬಂದದ್ದು ಗುಲಾಬಿ ಕೀಳುವ ತಿಂಗಳು ಶುರುವಾಗುವ ಹೊತ್ತಿಗೆ. ನಮ್ಮ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರಾಗಿದ್ದ ನವನೀತ್ ಅವರ ತಂದೆ ಅವರು. ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಮಗಳ ಮನೆಗೆ ಬಂದಿದ್ದರು. ಎತ್ತರದ ಆಳು, ಬಿಳಿ ಗಡ್ಡ, ಬೂದುಬಣ್ಣದ ಪಗಡಿ. ಪಂಜಾಬಿ ಸಿನಿಮಾಗಳಿಗೂ ಹಿಂದಿ ಸಿನಿಮಾಗಳಿಗೂ ಸಂಗೀತ ಕೊಟ್ಟವರು ಎಂದು ಡಾಕ್ಟರ್ ನವನೀತ್ ಮೊದಲೇ ಹೇಳಿದ್ದರು. ಸಿನಿಮಾಗಳ ಹೆಸರು ಹೇಳಿದಾಗ ಎರಡು ಹಾಡು ನನಗೂ ಗೊತ್ತಿತ್ತು. ನಮ್ಮೂರಿನ ಮದುವೆ ಹಾಲ್‌ಗಳಲ್ಲಿ ಬ್ಯಾಂಡಿನವರು ಬಾರಿಸುತ್ತಿದ್ದ ಹಾಡುಗಳು. ಅವುಗಳನ್ನು ಕಟ್ಟಿದ ಮನುಷ್ಯ ನನ್ನ ಎದುರಿಗೆ ಕುಳಿತು ಕಿವಿ ಮುಂದೆ ಮಾಡುತ್ತಿದ್ದಾರೆ ಎಂದು ನಂಬುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಸಂಗೀತದವನ ಕಿವಿಯ ವಿಚಾರ ಸಿನಿಮಾ ಪೇಟೆಗೆ ಗೊತ್ತಾಗಬಾರದು ಎಂದು ಅವರು ಮೊದಲ ದಿನವೇ ಕೈ ಹಿಡಿದು ಹೇಳಿದ್ದರು.

ಪರೀಕ್ಷೆಯಲ್ಲಿ ಗೊತ್ತಾದದ್ದು ಒಳ್ಳೆಯ ಸುದ್ದಿಯಲ್ಲ. ಎರಡೂ ಕಿವಿಯಲ್ಲಿ ಮೇಲಿನ ಶಬ್ದಗಳು ಬಹಳಷ್ಟು ಹೋಗಿದ್ದವು, ಎಡಗಿವಿ ಬಲಕ್ಕಿಂತ ಕೆಟ್ಟಿತ್ತು. ಹಕ್ಕಿಯ ಚಿಲಿಪಿಲಿ, ಗೆಜ್ಜೆ, ಮಾತಿನಲ್ಲಿ ಸ, ಚ, ಶ ತರಹದ ಅಕ್ಷರಗಳು, ಇವೆಲ್ಲ ಅವರಿಗೆ ಸರಿಯಾಗಿ ತಲುಪುತ್ತಿರಲಿಲ್ಲ. ನಾನು ಕಾಗದದ ಮೇಲಿನ ಗೆರೆಯನ್ನು ತೋರಿಸಿ ವಿವರಿಸಿದೆ. ಅವರು ಆ ಇಳಿಯುವ ಗೆರೆಯನ್ನೇ ನೋಡುತ್ತಾ, "ಇದು ಅವರೋಹಣ" ಎಂದರು. ನಕ್ಕರು. ಡಾಕ್ಟರ್ ನವನೀತ್ ನಗಲಿಲ್ಲ.

ಅದರ ಹಿಂದಿನ ಸಂಗತಿ ನನಗೆ ಆಮೇಲೆ ಕ್ಯಾಂಟೀನಿನಲ್ಲಿ ತಿಳಿಯಿತು. ಹತ್ತು ವರ್ಷದಿಂದ ಯಾರೂ ಕರೆಯದಿದ್ದ ಮಾಸ್ಟರ್‌ಜಿಗೆ ಒಬ್ಬ ಹೊಸ ನಿರ್ದೇಶಕ ಒಂದು ಹಾಡು ಕೇಳಿದ್ದ. ಪಂಜಾಬಿ ಸಿನಿಮಾ. ಮನೆಯ ತಾರಸಿಯ ಮೇಲೆ ಪಾರಿವಾಳ ಸಾಕಿಕೊಂಡಿರುವ ಒಬ್ಬ ಮುದುಕ ಸಂಜೆ ಅವುಗಳನ್ನು ಹೆಸರು ಹಿಡಿದು ಕರೆಯುತ್ತಾನೆ, ಒಂದೊಂದೇ ಇಳಿದು ಬರುತ್ತವೆ, ಅಷ್ಟೇ ದೃಶ್ಯ. ಒಂದೇ ಹಾಡು. ಅವರು ಭಾರತಕ್ಕೆ ವಾಪಸು ಹೋಗುವ ಹೊತ್ತಿಗೆ ರಾಗ ಸಿದ್ಧವಾಗಿರಬೇಕು.

"ಅಪ್ಪ ಹೂಂ ಎಂದು ಹೇಳಿಬಿಟ್ಟಿದ್ದಾರೆ. ಆದರೆ ಒಳಗೊಳಗೇ ಹೆದರಿದ್ದಾರೆ. ಕಿವಿ ಮೋಸ ಮಾಡಿದರೆ ಸ್ಟುಡಿಯೋದಲ್ಲಿ ಹುಡುಗರೆದುರು ಮುಖ ಹೇಗೆ ತೋರಿಸುವುದು ಎಂದು. ಸುಜಾತಾ, ಈ ಒಂದು ಹಾಡಿನ ಮಟ್ಟಿಗಾದರೂ ಅವರಿಗೆ ಕೇಳಿಸುವ ಹಾಗೆ ಮಾಡು" ಎಂದರು ಡಾಕ್ಟರ್ ನವನೀತ್.

ಮಾಡುತ್ತೇನೆ ಎಂದೆ. ಆ ವಯಸ್ಸಿನಲ್ಲಿ ಯಾವುದಕ್ಕೂ ಇಲ್ಲ ಎಂದು ಹೇಳುವ ಅಭ್ಯಾಸ ನನಗಿರಲಿಲ್ಲ.

ವಾರಕ್ಕೆ ಎರಡು ದಿನ ಬರುತ್ತಿದ್ದರು. ನಾವು ಮಾತಾಡುತ್ತಿದ್ದುದು ಹಿಂದಿಯಲ್ಲಿ; ಅವರ ಹಿಂದಿಯಲ್ಲಿ ಅರ್ಧ ಪಂಜಾಬಿ, ನನ್ನ ಹಿಂದಿಯಲ್ಲಿ ಅರ್ಧ ಮಂಗಳೂರು. ನನ್ನನ್ನು ಅವರು "ಪುತ್ತರ್" ಎಂದು ಕರೆಯುತ್ತಿದ್ದರು. ಗಂಡು ಹೆಣ್ಣು ಎಂಬ ಭೇದವಿಲ್ಲದೆ ಮಕ್ಕಳನ್ನೆಲ್ಲ ಅವರ ಕಡೆ ಹಾಗೆ ಕರೆಯುವುದಂತೆ. ಕಿವಿಯಲ್ಲಿ ಹಿಟ್ಟು ಗಟ್ಟಿಯಾಗುವ ಐದು ನಿಮಿಷಗಳಲ್ಲಿ, ಮಷೀನ್ ಕಂಪ್ಯೂಟರಿಗೆ ಸೇರುವ ಹೊತ್ತಿನಲ್ಲಿ, ಅವರ ಬದುಕು ತುಂಡು ತುಂಡಾಗಿ ನನಗೆ ಸಿಕ್ಕಿತು. ತಂದೆ ಗುರುದ್ವಾರದಲ್ಲಿ ಕೀರ್ತನೆ ಹಾಡುವವರು. ಎಂಟು ವರ್ಷದ ಮಗನಿಗೆ ಹಾರ್ಮೋನಿಯಂ ಮುಟ್ಟಲು ಬಿಡುತ್ತಿರಲಿಲ್ಲ, ತಿದಿ ಒತ್ತಲು ಮಾತ್ರ ಬಿಡುತ್ತಿದ್ದರು. ಎರಡು ವರ್ಷ ಬರೀ ಗಾಳಿ ಕೊಟ್ಟೆ ಪುತ್ತರ್, ಸ್ವರ ಬೇರೆಯವರದು, ಎಂದು ಹೇಳುವಾಗ ಆ ಎಂಟು ವರ್ಷದವನ ಸಿಟ್ಟು ಇನ್ನೂ ಕಣ್ಣಿನಲ್ಲಿತ್ತು. ಆಮೇಲೆ ಬೊಂಬಾಯಿ. ದೊಡ್ಡವರ ಕೈಕೆಳಗೆ ಹನ್ನೆರಡು ವರ್ಷ ಬೇರೆಯವರ ರಾಗಗಳಿಗೆ ಸ್ವರಲಿಪಿ ಬರೆದದ್ದು. ಮೊದಲ ಪಂಜಾಬಿ ಸಿನಿಮಾ, ಅದರ ಹಾಡು ಲಾರಿ ಲಾರಿಯಲ್ಲೂ ಕೇಳಿಸಿದ್ದು. ಅದರ ಬೆನ್ನಿಗೇ ಹಿಂದಿ ಸಿನಿಮಾಗಳು ಸಾಲಾಗಿ ಬಂದದ್ದು. ಕೊನೆಗೆ ಕಾಲ ಬದಲಾಗಿ, ನಲವತ್ತು ಪಿಟೀಲುಗಳ ಜಾಗದಲ್ಲಿ ಒಂದು ಕೀಬೋರ್ಡು ಬಂದು ಕುಳಿತಾಗ, ಯಾರನ್ನೂ ದೂರದೆ ಊರಿಗೆ ಮರಳಿ ಎರಡು ಕೋಣೆಯ ಒಂದು ಸಂಗೀತ ಶಾಲೆ ತೆರೆದದ್ದು.

ಆ ನಲವತ್ತು ಪಿಟೀಲುಗಳ ಕಾಲದ ಒಂದು ಕಥೆಯನ್ನು ಅವರ ಮಗಳೇ ಹೇಳಿದ್ದರು. ರೆಕಾರ್ಡಿಂಗ್ ನಡೆಯುವಾಗ ಮಾಸ್ಟರ್‌ಜಿ ಕಣ್ಣು ಮುಚ್ಚಿ ಕೂರುವರಂತೆ. ಯಾರದಾದರೂ ತಂತಿ ಕೂದಲೆಳೆಯಷ್ಟು ಇಳಿದಿದ್ದರೂ ಕೈಯೆತ್ತಿ, ಕಣ್ಣು ತೆರೆಯದೆ, ಆ ಮನುಷ್ಯ ಕುಳಿತ ಕಡೆಗೇ ಬೆರಳು ತೋರಿಸುವರಂತೆ. ಬೈಗುಳ ಇಲ್ಲ, ಮಾತಿಲ್ಲ, ಒಂದು ಬೆರಳು. ಅಂಥ ಕಿವಿಯನ್ನು ರಿಪೇರಿ ಮಾಡಲು ಹೊರಟಿದ್ದವಳು ನಾನು.

ರಾಗ ಕಟ್ಟುವ ಅವರ ಪದ್ಧತಿ ನನಗೆ ಬಹಳ ಇಷ್ಟವಾಗಿತ್ತು. ಮೊದಲು ರಾಗ, ಆಮೇಲೆ ಕವಿ ಬಂದು ಮಾತು ಬರೆಯುವುದು. ಆದರೆ ಬರೀ ಲ ಲ ಲಾ ಎಂದರೆ ರಾಗಕ್ಕೆ ಮೂಳೆ ಇರುವುದಿಲ್ಲವಂತೆ. ಅದಕ್ಕೆ ಎದುರಿಗೆ ಏನು ಕಾಣುತ್ತದೋ ಆ ಹೆಸರುಗಳನ್ನೇ ತುಂಬಿ ಹಾಡುವುದು. ಜನ ಇವತ್ತಿಗೂ ಕಣ್ಣೀರು ಒರೆಸಿಕೊಳ್ಳುವ ಅವರ ಒಂದು ವಿರಹದ ಹಾಡು ಮೊದಲು ಹುಟ್ಟಿದ್ದು ಹೂಕೋಸು, ಮೂಲಂಗಿ, ಸೋರುವ ನಲ್ಲಿ, ಬಾರದ ಧೋಬಿ ಎಂಬ ಮಾತುಗಳ ಮೇಲೆ. "ಕವಿ ಬಂದು ಧೋಬಿಯನ್ನು ತೆಗೆದು ಪ್ರಿಯಕರನನ್ನು ಇಟ್ಟ. ಇಬ್ಬರೂ ಬಾರದವರೇ, ಅಳತೆ ಸರಿಹೋಯಿತು" ಎಂದರು.

ಮಾತು ಎಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ ಎಂದು ನೋಡಲು ನಮ್ಮಲ್ಲಿ ಒಂದು ಕ್ರಮವಿದೆ. ತುಟಿ ನೋಡಿ ಊಹಿಸಬಾರದೆಂದು ಬಾಯಿಗೆ ಕಾಗದ ಅಡ್ಡ ಹಿಡಿದು ಒಂದೊಂದೇ ಪದ ಹೇಳಬೇಕು, ಅವರು ತಿರುಗಿ ಹೇಳಬೇಕು. ಅದಕ್ಕೆ ಹಿಂದಿಯ ಸಿದ್ಧ ಪಟ್ಟಿ ಇತ್ತು. ಸಂಗೀತದವರ ಜ್ಞಾಪಕಶಕ್ತಿಯ ಮುಂದೆ ಆ ಪಟ್ಟಿ ಎರಡೇ ದಿನ ಬಾಳಿತು. ಮೂರನೇ ಸಲ ನಾನು ಬಾಯಿ ತೆರೆಯುವ ಮೊದಲೇ ಮುಂದಿನ ಪದ ಅವರೇ ಹೇಳಿಬಿಟ್ಟರು. ಇನ್ನು ಇವರು ಹಿಂದೆಂದೂ ಕೇಳಿರದ ಪದಗಳೇ ಬೇಕು ಎಂದುಕೊಂಡೆ. ಕಾಗದ ಅಡ್ಡ ಹಿಡಿದೆ. ಬಾಯಿಗೆ ಬಂದದ್ದು ನಮ್ಮ ಅಪ್ಪನ ರೂಟು.

ಅಪ್ಪ ಮಂಗಳೂರು-ಉಡುಪಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವರು. ಹಿಂದಿನ ಬಾಗಿಲಲ್ಲಿ ಒಂಟಿಕಾಲಲ್ಲಿ ನಿಂತು ಸ್ಟಾಪುಗಳ ಹೆಸರು ಕೂಗುವುದರಲ್ಲಿ ಅವರದ್ದೇ ಒಂದು ಧಾಟಿ ಇತ್ತು. ಮುಲ್ಕಿಯನ್ನು ಗಿಡ್ಡ ಮಾಡಿ, ಪಡುಬಿದ್ರಿಯನ್ನು ಎಳೆದು, ಉಚ್ಚಿಲವನ್ನು ಚಿಟಿಕೆ ಹೊಡೆದ ಹಾಗೆ ಹೇಳಿ, ಕಾಪುವಿನಲ್ಲಿ ಸ್ವರ ಮೇಲೆ ಹೋಗಿ, ಕಟಪಾಡಿಯಲ್ಲಿ ಇಳಿದು, ಕೊನೆಗೆ ಉಡುಪಿ ಉಡುಪಿ ಉಡುಪಿ. ಕಣ್ಣು ಮುಚ್ಚಿ ನಿದ್ದೆ ಮಾಡುವ ಕಾಲೇಜು ಹುಡುಗರೂ ಆ ಧಾಟಿಯಿಂದಲೇ ತಮ್ಮ ಸ್ಟಾಪು ಬಂತೆಂದು ಎದ್ದು ನಿಲ್ಲುತ್ತಿದ್ದರು. ಪರೀಕ್ಷೆಯಲ್ಲಿ ಪದಗಳನ್ನು ಹಿಂದುಮುಂದು ಮಾಡಿ, ಏರಿಳಿತವಿಲ್ಲದೆ ಹೇಳಬೇಕು ಎಂಬುದು ನಿಯಮ. ನನ್ನ ನಾಲಿಗೆ ಕೇಳಲಿಲ್ಲ. ಅಪ್ಪ ಹೇಳಿದ ಕ್ರಮದಲ್ಲೇ, ಅಪ್ಪನ ಧಾಟಿಯಲ್ಲೇ ಬಂತು.

ಮುಲ್ಕಿ ಎಂದೆ, ಮುಲ್ಕಿ ಎಂದರು. ಪಡುಬಿದ್ರಿ ಎಂದೆ, ಪಡುಬಿದ್ರಿ ಎಂದರು. ಉಚ್ಚಿಲ ಎಂದೆ. ಮಾಸ್ಟರ್‌ಜಿ ಬಾಯಿ ತೆರೆಯಲಿಲ್ಲ. ಬಲಗೈಯ ಬೆರಳಿನಿಂದ ಮೇಜಿನ ಮೇಲೆ ಒಂದು ಸಲ ತಟ್ಟಿದರು.

"ಗೊತ್ತಾಗಲಿಲ್ಲವಾ?"

"ಏನೋ ಒಂದು ಹೋಯಿತು, ಗೊತ್ತಾಯಿತು. ಏನೆಂದು ಹಿಡಿಯಲಾಗಲಿಲ್ಲ."

"ಸುಮ್ಮನೆ ಊಹಿಸಿ ಹೇಳಿ. ಎಲ್ಲರೂ ಹಾಗೇ ಮಾಡುವುದು."

"ಪೂರ್ತಿ ಕೇಳಿಸದ್ದನ್ನು ನಾನು ಹೇಳುವುದಿಲ್ಲ, ಪುತ್ತರ್. ಮುಂದೆ ಹೋಗು."

ಕಾಪು, ಕಟಪಾಡಿ, ಉಡುಪಿ, ಎಲ್ಲವನ್ನೂ ಹೇಳಿದರು. ಆಮೇಲಿನ ಅಷ್ಟೂ ವಾರಗಳಲ್ಲಿ ಮಷೀನನ್ನು ಎಷ್ಟು ತಿದ್ದಿದರೂ ಆ ಒಂದು ಹೆಸರು ಮಾತ್ರ ಅವರಿಗೆ ದಕ್ಕಲಿಲ್ಲ. ಚ್ಚ ಅಕ್ಷರದ ಜಾಗವೇ ಅವರ ಕಿವಿಯಲ್ಲಿ ಖಾಲಿಯಾಗಿತ್ತು. ಪ್ರತಿ ಸಲವೂ ಅಲ್ಲಿ ಬೆರಳು ಮೇಜಿಗೆ ಬೀಳುತ್ತಿತ್ತು.

ಮಾತಿನ ಕೆಲಸ ಹೀಗೆ ಮುಕ್ಕಾಲು ಪಾಲು ಆಯಿತು. ಸಂಗೀತದ ಕೆಲಸ ಬೇರೆಯೇ ಸಮಸ್ಯೆ. ಕಿವಿಯ ಮಷೀನ್ ಹುಟ್ಟಿದ್ದು ಮಾತಿಗಾಗಿ. ಎಲ್ಲಾದರೂ ಒಂದೇ ಸ್ವರ ಉದ್ದಕ್ಕೆ ಕೇಳಿಸಿದರೆ ಅದು ತನ್ನದೇ ಕುಂಯ್ ಶಬ್ದ ಎಂದು ತಿಳಿದು ಅದನ್ನು ಒತ್ತಿಹಾಕಲು ನೋಡುತ್ತದೆ. ಹಾರ್ಮೋನಿಯಂನ ಪ್ರತಿ ಸ್ವರವೂ ಉದ್ದದ್ದೇ. ಹಾಗಾಗಿ ಮೊದಲ ವಾರ ಮನೆಯಲ್ಲಿ ಹಾರ್ಮೋನಿಯಂ ಮುಂದೆ ಕುಳಿತ ಮಾಸ್ಟರ್‌ಜಿಗೆ ಸ್ವರಗಳೆಲ್ಲ ನೀರಿನ ಕೆಳಗಿಂದ ಬಂದ ಹಾಗೆ ನಡುಗುತ್ತಿದ್ದವು. ನಾನು ಕಂಪೆನಿಯ ಪುಸ್ತಕ ಓದಿ, ಆ ಕಾವಲನ್ನೆಲ್ಲ ತೆಗೆದುಹಾಕಿ ಸಂಗೀತಕ್ಕೆಂದೇ ಒಂದು ಪ್ರತ್ಯೇಕ ಜೋಡಣೆ ಮಾಡಿಕೊಟ್ಟೆ. ಮಾರನೆಯ ದಿನ ಡಾಕ್ಟರ್ ನವನೀತ್ ನನ್ನನ್ನು ಕಾರಿಡಾರಿನಲ್ಲೇ ಅಪ್ಪಿಕೊಂಡರು. ಮನೆಯಲ್ಲಿ ಅಪ್ಪ ಒಂದು ಗಂಟೆ ನುಡಿಸಿದರಂತೆ. ನಾನು ಆ ದಿನವಿಡೀ ನೆಲಕ್ಕೆ ಕಾಲು ತಾಗಿಸದೆ ನಡೆದೆ.

ಆ ವಾರವೇ ಊರಿಗೆ ಧೂಳಿನ ಗಾಳಿ ನುಗ್ಗಿತು. ಆಕಾಶ ಮಧ್ಯಾಹ್ನಕ್ಕೇ ಅರಿಶಿನ ಬಣ್ಣಕ್ಕೆ ತಿರುಗಿ, ಎದುರಿನ ಬೆಟ್ಟ ಕಾಣದಾಯಿತು. ಗುಲಾಬಿ ತೋಟದವರು ಎಲೆಗಳನ್ನು ನೋಡಿ ತಲೆಗೆ ಕೈಹೊತ್ತರು. ಮಾಸ್ಟರ್‌ಜಿ ಕಿಟಕಿಯ ಬಳಿ ಹಾರ್ಮೋನಿಯಂ ತೆರೆದಿಟ್ಟು ನಿದ್ದೆ ಹೋಗಿದ್ದರಂತೆ, ಎದ್ದು ನೋಡಿದಾಗ ಮನೆಯಿಡೀ ಕೆಂಪು ಪುಡಿ. ಮೇಲಿನಿಂದ ಬಟ್ಟೆಯಲ್ಲಿ ಒರೆಸಿ ಮುಚ್ಚಿಟ್ಟರು. ಈ ಸುದ್ದಿಯನ್ನು ಅವರೇ ನಗುತ್ತಾ ನನಗೆ ಹೇಳಿದ್ದರು. ನಾನೂ ನಕ್ಕಿದ್ದೆ. ಬುದ್ಧಿ ಇದ್ದವಳಾಗಿದ್ದರೆ ಅಲ್ಲೇ ನಿಂತು ಯೋಚಿಸುತ್ತಿದ್ದೆ.

ಮುಂದಿನ ಸಲ ಬಂದಾಗ ಮುಖ ಬಾಡಿತ್ತು. "ಎಲ್ಲ ಸರಿ ಇದೆ, ಪಂಚಮ ಮಾತ್ರ ಇಳಿದಿದೆ" ಎಂದರು. ನಡುವಿನ ಸಪ್ತಕದ ಪ. ಷಡ್ಜಕ್ಕೆ ಅದು ಕೂಡುತ್ತಿಲ್ಲ. ಮಗಳನ್ನು ಕೇಳಿದ್ದಾರೆ, ಅಳಿಯನನ್ನು ಕೇಳಿದ್ದಾರೆ, ಸರಿಯಾಗಿಯೇ ಇದೆ ಎನ್ನುತ್ತಾರೆ. ಹಾಗಾದರೆ ಇಳಿದಿರುವುದು ಕಿವಿಯೇ. ನಾನೂ ಹಾಗೇ ತಿಳಿದೆ. ಕಿವಿ ಕೆಟ್ಟವರಿಗೆ ಕೆಲವು ಸ್ವರಗಳು ಜಾಗ ಬಿಟ್ಟು ಕೇಳಿಸುವುದುಂಟು ಎಂದು ಪುಸ್ತಕದಲ್ಲೇ ಓದಿದ್ದೆ. ಎಡಗಿವಿಯ ಮಷೀನ್ ತಿದ್ದಿದೆ. ಬಲಗಿವಿಯದು ತಿದ್ದಿದೆ. ಅಚ್ಚನ್ನೇ ಹೊಸದಾಗಿ ತೆಗೆದೆ, ಮತ್ತೆ ಆ ಹಿಟ್ಟು, ಆ ವಾಸನೆ. ಮೂರು ವಾರ ಹೀಗೇ ಹೋಯಿತು. ಪ್ರತಿ ಸಲವೂ ಅವರು ಮನೆಗೆ ಹೋಗಿ ನುಡಿಸಿ ನೋಡಿ ಮರುದಿನ ಫೋನಿನಲ್ಲಿ ತಣ್ಣಗೆ ಒಂದೇ ಮಾತು ಹೇಳುತ್ತಿದ್ದರು. ಇಲ್ಲ ಪುತ್ತರ್, ಅಲ್ಲೇ ಇದೆ.

ಒಂದು ಬುಧವಾರ ಬರಲೇ ಇಲ್ಲ. ಬದಲಿಗೆ ಡಾಕ್ಟರ್ ನವನೀತ್ ಬಂದು ನನ್ನ ಕೋಣೆಯ ಬಾಗಿಲು ಹಾಕಿಕೊಂಡು ಕುಳಿತರು. ಮಾಸ್ಟರ್‌ಜಿ ನಿರ್ದೇಶಕನಿಗೆ ಫೋನ್ ಮಾಡಿ ಹಾಡು ಆಗುವುದಿಲ್ಲ ಎಂದು ಹೇಳಲು ತೀರ್ಮಾನಿಸಿದ್ದರು. ಹಾರ್ಮೋನಿಯಂ ಪೆಟ್ಟಿಗೆಗೆ ಹೋಗಿತ್ತು. "ಅಪ್ಪನ ಮಾತು ಇಷ್ಟೇ: ಏಳು ಸ್ವರಗಳಲ್ಲಿ ಷಡ್ಜ, ಪಂಚಮ ಎರಡೇ ಅಚಲ. ಉಳಿದವು ಮೇಲೆ ಕೆಳಗೆ ಹೋಗಬಹುದು, ಇವೆರಡು ಹೋಗುವ ಹಾಗಿಲ್ಲ. ಅಂಥ ಪಂಚಮವೇ ನನಗೆ ಅಲುಗಾಡಿದ ಮೇಲೆ ನಾನು ಯಾವ ಮುಖದಲ್ಲಿ ಹಾಡು ಕಟ್ಟಲಿ, ಎಂದು ಕೇಳುತ್ತಾರೆ" ಎಂದು ಹೇಳಿ ಮಕ್ಕಳ ಡಾಕ್ಟರು ಮಗುವಿನ ಹಾಗೆ ಅತ್ತರು.

ನನಗೆ ದುಃಖಕ್ಕಿಂತ ನಾಚಿಕೆ ಹೆಚ್ಚಾಯಿತು. ಅವತ್ತು ಸಂಜೆ ಕ್ವಾರ್ಟರ್ಸಿಗೆ ಹೋಗಿ ಊಟ ಮಾಡಲಿಲ್ಲ. ಶುಕ್ರವಾರ ಹಮೀದಣ್ಣನಿಗೆ ಫೋನ್ ಮಾಡಿದೆ. ಹಮೀದಣ್ಣ ಸುರತ್ಕಲ್ ಹತ್ತಿರದ ಕೃಷ್ಣಾಪುರದವರು, ನಮ್ಮ ಆಸ್ಪತ್ರೆಯಲ್ಲಿ ಯಂತ್ರಗಳ ರಿಪೇರಿ ನೋಡಿಕೊಳ್ಳುವವರು. ಜುಮ್ಮಾ ನಮಾಜು ಮುಗಿಸಿ, ಊಟ ಮಾಡಿ, ತಮ್ಮ ಹಳೆ ಕಾರಿನಲ್ಲಿ ಬಂದರು.

"ಎಂತ ಸುಜಾತಕ್ಕ, ರಜೆಯಲ್ಲೂ ಲ್ಯಾಪ್‌ಟಾಪು? ಆ ಅಜ್ಜನ ಕಿವಿ ಇನ್ನೂ ಮುಗೀಲಿಲ್ವಾ ಮಾರಾಯ್ತಿ?"

"ಇವತ್ತು ಕೊನೆ ಸಲ ನೋಡ್ತೇನೆ ಹಮೀದಣ್ಣ. ಆಗದಿದ್ರೆ ಅವರ ಕಾಲಿಗೆ ಬಿದ್ದು ತಪ್ಪಾಯ್ತು ಅಂತ ಹೇಳಿ ಬರುವುದು."

"ಬೀಳುವುದೆಲ್ಲ ಬೇಡ. ಯಲ್ಲಾ, ಕೂತ್ಕೊಳ್ಳಿ, ಹೋಗುವ" ಎಂದು ಅರಬ್ಬರ ಹಾಗೆ ಅವಸರ ಮಾಡಿದರು.

ಮಾಸ್ಟರ್‌ಜಿ ಬಾಲ್ಕನಿಯಲ್ಲಿ ದಾಳಿಂಬೆ ಬಿಡಿಸುತ್ತಾ ಕುಳಿತಿದ್ದರು. ಹಾರ್ಮೋನಿಯಂ ಹೊರಗೆ ತೆಗೆಯಲು ಒಪ್ಪಲಿಲ್ಲ. ನನ್ನ ಬಳಿ ಬೇರೆ ಉಪಾಯ ಉಳಿದಿರಲಿಲ್ಲವಾದ್ದರಿಂದ, ಫೋನಿನಲ್ಲಿ ಸ್ವರ ಅಳೆಯುವ ಒಂದು ಆ್ಯಪ್ ಹಾಕಿಕೊಂಡು ಬಂದಿದ್ದೆ. ಹಾಡಿದ ಸ್ವರ ಸರಿಯಿದ್ದರೆ ಮುಳ್ಳು ನಡುವಿನಲ್ಲಿ ನಿಲ್ಲುತ್ತದೆ, ಇಲ್ಲದಿದ್ದರೆ ಪಕ್ಕಕ್ಕೆ ಹೋಗುತ್ತದೆ. ಅವರ ಪಂಚಮ ಎಷ್ಟು ತಪ್ಪುತ್ತದೆ ಎಂದು ಗೊತ್ತಾದರೆ ಅಷ್ಟನ್ನು ಲೆಕ್ಕ ಹಿಡಿದು ತಿದ್ದಬಹುದೇನೋ ಎಂಬ ಆಸೆ.

"ಹಾರ್ಮೋನಿಯಂ ಬೇಡ ಮಾಸ್ಟರ್‌ಜಿ, ಬಾಯಲ್ಲೇ ಹೇಳಿ. ಸ, ಆಮೇಲೆ ಪ" ಎಂದೆ.

ಕೈ ಒರೆಸಿಕೊಂಡು ಹಾಡಿದರು. ಮುಳ್ಳು ಸ ಮೇಲೆ ನಡುವಿನಲ್ಲಿ ನಿಂತಿತು. ಪ ಮೇಲೂ ನಡುವಿನಲ್ಲೇ ನಿಂತಿತು. ಅಲ್ಲಾಡಲಿಲ್ಲ. ನಾನು ಮತ್ತೆ ಹಾಡಿಸಿದೆ. ಮೂರು ಸಲ, ನಾಲ್ಕು ಸಲ. ಕಿವಿಯಲ್ಲಿ ಪಂಚಮ ಇಳಿದಿದ್ದರೆ ಗಂಟಲಲ್ಲಿ ಅದು ಹೇಗೆ ಕದಲದೆ ನಿಂತಿತು? ನನ್ನ ತಲೆ ಬಿಸಿಯಾಯಿತು. ಅವರ ಮಾತು ಕೇಳದೆ ನಾನೇ ಒಳಗೆ ಹೋಗಿ ಪೆಟ್ಟಿಗೆಯಿಂದ ಹಾರ್ಮೋನಿಯಂ ತೆಗೆದು ತಂದೆ. ಡಾಕ್ಟರ್ ನವನೀತ್ ತಿದಿ ಒತ್ತಿದರು. ಸ ಒತ್ತಿದೆ, ಮುಳ್ಳು ನಡುವೆ. ಪ ಒತ್ತಿದೆ. ಮುಳ್ಳು ಎಡಕ್ಕೆ ವಾಲಿತು. ತುಸುವೇ. ನನ್ನ ಕಿವಿಗೆ ಎರಡರಲ್ಲಿ ಯಾವ ವ್ಯತ್ಯಾಸವೂ ಗೊತ್ತಾಗಲಿಲ್ಲ, ಇವತ್ತಿಗೂ ಗೊತ್ತಾಗುವುದಿಲ್ಲ.

ಮಾಸ್ಟರ್‌ಜಿ ಎದ್ದು ಬಂದು ಫೋನನ್ನು ಕೈಗೆ ತೆಗೆದುಕೊಂಡು ಮುಳ್ಳನ್ನೇ ನೋಡಿದರು. "ಹೊರಡುವ ಮುಂಚಿನ ದಿನ ಶ್ರುತಿ ಮಾಡಿಸಿದ್ದೆ. ನಲವತ್ತು ವರ್ಷದಿಂದ ಮಾಡುವವನು, ಅವನ ಕೈ ತಪ್ಪುವುದಿಲ್ಲ. ಅದಕ್ಕೇ ಪೆಟ್ಟಿಗೆಯನ್ನು ಅನುಮಾನಿಸಲಿಲ್ಲ, ನನ್ನನ್ನು ಅನುಮಾನಿಸಿದೆ" ಎಂದರು.

"ಧೂಳು" ಎಂದರು ಹಮೀದಣ್ಣ. ಅವರಿಗೆ ಸಂಗೀತ ಗೊತ್ತಿಲ್ಲ, ಯಂತ್ರ ಗೊತ್ತು. ಕಾರಿನಿಂದ ಸ್ಕ್ರೂಡ್ರೈವರ್ ತಂದು ಮೇಲಿನ ಹಲಗೆ ಬಿಚ್ಚಿದರು. ಒಳಗೆ ಹಿತ್ತಾಳೆಯ ಸಣ್ಣ ನಾಲಿಗೆಗಳ ಸಾಲು. ಪಂಚಮದ ನಾಲಿಗೆಯ ತುದಿಯಲ್ಲಿ ಸಾಸಿವೆಯ ಅರ್ಧದಷ್ಟು ಕೆಂಪು ಪುಡಿ ಅಂಟಿಕೊಂಡಿತ್ತು. ಆ ಭಾರಕ್ಕೇ ಸ್ವರ ಇಳಿದಿತ್ತು. ಬಟ್ಟೆ ತಾಗಿಸಿದರೆ ನಾಲಿಗೆ ಬಗ್ಗುತ್ತದೆ ಎಂದು ಮಾಸ್ಟರ್‌ಜಿ ಹೆದರಿದರು. ನನ್ನ ಬ್ಯಾಗಿನಲ್ಲಿ ಕಿವಿಯ ಮಷೀನಿನಿಂದ ಗುಗ್ಗೆ ತೆಗೆಯುವ ಪುಟ್ಟ ಬ್ರಷ್ ಇತ್ತು, ಹೊಚ್ಚಹೊಸದು. ಅದರಿಂದ ಎರಡು ಸಲ ಮೆಲ್ಲನೆ ಸವರಿದೆ. ಪ ಒತ್ತಿದೆ. ಮುಳ್ಳು ನೆಟ್ಟಗೆ ನಿಂತಿತು. ಮುಳ್ಳು ನೋಡುವ ಅಗತ್ಯವಿರಲಿಲ್ಲ, ಮಾಸ್ಟರ್‌ಜಿಯ ಮುಖ ನೋಡಿದರೆ ಸಾಕಿತ್ತು.

ಮೂರು ವಾರ ನಾನು ಅವರ ಸರಿಯಾದ ಕಿವಿಯನ್ನು ಒಂದು ತಪ್ಪು ಹಾರ್ಮೋನಿಯಂಗೆ ಹೊಂದಿಸಲು ಒದ್ದಾಡುತ್ತಿದ್ದೆ. ಅರ್ಧ ಶಬ್ದ ಕಳೆದುಕೊಂಡ ಎಪ್ಪತ್ತೆಂಟು ವರ್ಷದ ಆ ಕಿವಿ, ಮನೆಯಲ್ಲಿದ್ದ ಎಳೆಯ ಕಿವಿಗಳಿಗೆ ಯಾವುದಕ್ಕೂ ಕೇಳಿಸದ ಧೂಳನ್ನು ಕೇಳಿಸಿಕೊಂಡಿತ್ತು. ನಾವೆಲ್ಲ ಸೇರಿ ಅದನ್ನೇ ಕಾಯಿಲೆ ಎಂದೆವು. ಕ್ಷಮಿಸಿ ಎಂದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು, "ತಪ್ಪು ನಿನ್ನದಲ್ಲ ಪುತ್ತರ್, ನೀನು ಆ ಗೆರೆಯ ಕಾಗದವನ್ನು ನಂಬಿದೆ. ನಾನೂ ಅದನ್ನೇ ನಂಬಿದೆ. ನಿನಗಾದರೆ ಅದು ಕೆಲಸ, ನಾನು ನನ್ನ ಎಪ್ಪತ್ತು ವರ್ಷವನ್ನು ಬಿಟ್ಟು ನಂಬಿದೆನಲ್ಲ" ಎಂದರು.

ಆ ದಿನ ನಾವು ಅಲ್ಲಿನ ಮಾಂಸದ ಅನ್ನ ಮನ್ದಿ ತರಿಸಿ ಊಟ ಮಾಡುವುದೆಂದು ಡಾಕ್ಟರ್ ನವನೀತ್ ಹೇಳುತ್ತಿದ್ದರು. ಮಾಸ್ಟರ್‌ಜಿ ಆಗಲೇ ಹಾರ್ಮೋನಿಯಂ ಮುಂದೆ ಕಣ್ಣು ಮುಚ್ಚಿ ಕುಳಿತಿದ್ದರು. ತಿದಿ ಮೆಲ್ಲಗೆ ಆಡುತ್ತಿತ್ತು. ಏನೋ ಹುಡುಕುತ್ತಿದ್ದರು. ಕರೆಯುವ ಹಾಡು ಬೇಕಲ್ಲವೆ, ಮುದುಕ ಪಾರಿವಾಳಗಳನ್ನು ಕರೆಯುವ ಹಾಡು. ಒಂದು ಸಾಲು ಮೇಲೆ ಹೋಗಿ ಇಳಿಯಿತು. ಇನ್ನೊಮ್ಮೆ ಹೋಯಿತು. ಆಮೇಲೆ ಬಾಯಿ ತೆರೆದು ಹಾಡತೊಡಗಿದರು, ಮುಲ್ಕೀ, ಪಡುಬಿದ್ರೀ. ಕಾಪು ಎಂದು ಮೇಲೇರಿ, ಕಟಪಾಡಿಯಲ್ಲಿ ಇಳಿದು, ಉಡುಪಿ ಉಡುಪಿ ಉಡುಪಿ ಎಂದು ಪಂಚಮದ ಮೇಲೆ ಬಂದು ನಿಂತರು.

ಹಮೀದಣ್ಣನ ಕೈಯಿಂದ ಸ್ಕ್ರೂಡ್ರೈವರ್ ಕೆಳಗೆ ಬಿತ್ತು. "ಅಲ್ಲ ಸುಜಾತಕ್ಕ, ಇದು ನಮ್ಮ ಬಸ್ಸಲ್ವಾ! ಈ ಅಜ್ಜನಿಗೆ ಉಡುಪಿಗೆ ಹೋಗ್ಲಿಕ್ಕುಂಟಾ?"

ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ಗೊತ್ತಿರಲಿಲ್ಲ. ಹೊರಗೆ ಮಳೆ ಬಿದ್ದ ಬೆಟ್ಟದಿಂದ ತಣ್ಣನೆ ಗಾಳಿ ಬರುತ್ತಿತ್ತು. ಊಟ ಬರುವ ಹೊತ್ತಿಗೆ ಹಾಡಿನ ಪಲ್ಲವಿ ಮುಗಿದಿತ್ತು. ಎರಡು ವಾರಕ್ಕೆ ವೀಸಾ ಮುಗಿಯಿತು, ಅವರು ಹಾರ್ಮೋನಿಯಂ ಎತ್ತಿಕೊಂಡು ಹೊರಟರು. ಆ ಪುಟ್ಟ ಬ್ರಷ್ಷನ್ನು ನನ್ನಿಂದ ಕೇಳಿ ತೆಗೆದುಕೊಂಡರು.

ಮರುವರ್ಷ ನಾನು ದಮ್ಮಾಮ್‌ಗೆ ಬಂದೆ. ಸಿನಿಮಾ ಬಿಡುಗಡೆಯಾದ ದಿನ ಡಾಕ್ಟರ್ ನವನೀತ್ ಹಾಡಿನ ವಿಡಿಯೋ ಕಳಿಸಿದರು. ಸ್ಟಾಪುಗಳ ಜಾಗದಲ್ಲಿ ಈಗ ಪಾರಿವಾಳಗಳ ಹೆಸರುಗಳಿದ್ದವು, ಪಂಜಾಬಿಯಲ್ಲಿ. ಕೇಳಿದವರೆಲ್ಲ ಮೆಚ್ಚಿ ಬರೆದಿದ್ದರು. ನಾನು ಏನೂ ವಿವರ ಹೇಳದೆ ಅದನ್ನು ಅಪ್ಪನಿಗೆ ವಾಟ್ಸ್ಆ್ಯಪ್ ಮಾಡಿದೆ. ನನ್ನ ಒಬ್ಬ ಪೇಶೆಂಟ್ ಮಾಡಿದ ಹಾಡು, ಕೇಳಿ ನೋಡಿ ಎಂದಷ್ಟೇ ಬರೆದೆ. ಮಾರನೆಯ ಬೆಳಿಗ್ಗೆ ಅಪ್ಪನ ಫೋನು. ನಾವು ಮಾತಾಡುವುದು ತುಳುವಿನಲ್ಲಿ, ಕನ್ನಡದಲ್ಲಿ ಹೇಳುವುದಾದರೆ ಮಾತು ಹೀಗಿತ್ತು.

"ಹಾಡು ಕೇಳಿದೆ ಮಗಾ. ಭಾಷೆ ಎಂತದ್ದೂ ಗೊತ್ತಾಗ್ಲಿಲ್ಲ. ಆದ್ರೆ ಒಂದು ಕೇಳ್ತೇನೆ, ಅವರು ಬಸ್ಸಿನ ಜನವಾ?"

"ಯಾಕಪ್ಪ?"

"ಅಲ್ಲ, ಅದು ನನ್ನ ರೂಟು. ನಾನು ಹೇಳ್ತಿದ್ದ ಹಾಗೆಯೇ ಉಂಟು, ಮುಲ್ಕಿಯಿಂದ ಉಡುಪಿ ತನಕ. ನಿನ್ನ ಅಮ್ಮನಿಗೂ ಹೇಳಿದೆ, ಅವಳು ನಗ್ತಾಳೆ. ಆದ್ರೆ ಪಡುಬಿದ್ರಿ ಆದ್ಮೇಲೆ ಒಂದು ಜಾಗ ಖಾಲಿ ಬಿಟ್ಟು ಸೀದಾ ಕಾಪುವಿಗೆ ಹೋಗ್ತಾರೆ. ಉಚ್ಚಿಲ ಎಲ್ಲಿ ಹೋಯ್ತು?"

ಅಷ್ಟು ಸಲ ಕೇಳಿಯೂ ನನಗೆ ಅದು ಹೊಳೆದಿರಲಿಲ್ಲ. ಫೋನ್ ಇಟ್ಟು ಮತ್ತೆ ಹಾಕಿ ಕೇಳಿದೆ. ಎರಡನೆಯ ಹೆಸರಿಗೂ ಮೂರನೆಯದಕ್ಕೂ ನಡುವೆ ಹಾಡುವವನು ಸುಮ್ಮನಾಗುತ್ತಾನೆ. ಅಲ್ಲಿ ಢೋಲಕ್ಕಿನ ಮೇಲೆ ಒಂದೇ ಒಂದು ಪೆಟ್ಟು, ಬೆರಳಿನ ಪೆಟ್ಟು. ಪ್ರತಿ ಸಲವೂ, ಹಾಡಿನ ಕೊನೆಯವರೆಗೆ. ತೆರೆಯ ಮೇಲೆ ಆ ಹೊತ್ತಿಗೆ ಮುದುಕ ಕತ್ತೆತ್ತಿ ಆಕಾಶ ನೋಡುತ್ತಾನೆ, ಇನ್ನೂ ಬಾರದ ಒಂದು ಹಕ್ಕಿಗಾಗಿ.

ಮಾಸ್ಟರ್‌ಜಿಗೆ ಫೋನ್ ಮಾಡಿ ಅಪ್ಪನ ದೂರು ಹೇಳಿದೆ. ಎರಡು ಸಲ ಜೋರಾಗಿ ಹೇಳಬೇಕಾಯಿತು. ಕೇಳಿಸಿದ ಮೇಲೆ ಬಹಳ ಹೊತ್ತು ನಕ್ಕರು.

"ನಿನ್ನ ಅಪ್ಪನಿಗೆ ನನ್ನ ನಮಸ್ಕಾರ ಹೇಳು. ಬಸ್ಸು ಅಲ್ಲಿ ನಿಲ್ಲುತ್ತದೆ, ಎಣಿಸಿ ನೋಡಲಿ, ತಾಳದಲ್ಲಿ ಒಂದು ಮಾತ್ರೆಯೂ ಕಡಿಮೆ ಇಲ್ಲ. ಊರಿನ ಹೆಸರು ಮಾತ್ರ ನನಗೆ ಕೇಳಿಸಲಿಲ್ಲ ಎಂದು ಹೇಳು."

ಅಪ್ಪನಿಗೆ ಹೇಳಿದೆ. ಆ ಕಡೆಯಿಂದ ಹಾಡಿನ ಸಾಲು ಗುನುಗುವುದು ಕೇಳಿಸಿತು. ಬಹುಶಃ ಬೆರಳು ಮಡಚಿ ಎಣಿಸುತ್ತಿದ್ದರು.

"ಹೌದು, ನಿಲ್ತದೆ. ಹಾಗಾದ್ರೆ ತೊಂದರೆ ಇಲ್ಲ ಮಗಾ. ನಿಲ್ಲಿಸಿದ್ರೆ ಸಾಕು, ಹತ್ತುವವರು ಹತ್ತುತ್ತಾರೆ" ಎಂದರು.